ರೆಪ್ಪೆ ಕೊಯ್ದವರು ಒಬ್ಬರು, ತಪ್ಪು ಹೊತ್ತವರು ಇನ್ನೊಬ್ಬರು

ಹೊಳಲ್ಕೆರೆಯಲ್ಲಿ ನೀಲಮ್ಮ ಎಂಬ ಹಿರಿಯ ಹೆಂಗಸೊಬ್ಬರಿದ್ದಾರೆ. ಸೊಸೆಯ ಕಣ್ಣು ಕಳೆಯಹೊರಟ ಅತ್ತೆ ಎಂದು ನೆಂಟರಿಷ್ಟರು ಅವರಿಗೆ ಹೆಸರಿಟ್ಟಿದ್ದಾರೆ. ಆ ಹೆಸರು ಶುದ್ಧ ಸುಳ್ಳು. ಆ ಕಣ್ಣಿನ ಹೊಲಿಗೆಯನ್ನು ಕೈಯಾರೆ ಬಿಚ್ಚಿದವಳು ನಾನು, ಆದ್ದರಿಂದ ಇದನ್ನು ಹೇಳುವ ಹಕ್ಕು ನನಗಿದೆ. ಚಿತ್ರದುರ್ಗದಲ್ಲಿ ಕಣ್ಣಿನ ಡಾಕ್ಟರಾಗಿ ದುಡಿದು ಹೋದ ವರ್ಷ ನಿವೃತ್ತಳಾದೆ. ನನ್ನ ಕ್ಲಿನಿಕ್ಕನ್ನು ಈಗ ನಡೆಸುತ್ತಿರುವ ಹುಡುಗಿ, "ರೆಪ್ಪೆಯ ಆಪರೇಷನ್ ಬಗ್ಗೆ ಹೊಸಬರಿಗೆ ನಾಲ್ಕು ಮಾತು ಬರೆದುಕೊಡಿ ಮೇಡಂ" ಎಂದಳು. ಬರೆಯುತ್ತಿದ್ದೇನೆ. ಆದರೆ ನೀಲಮ್ಮನವರ ವಿಷಯ ಹೇಳದೆ ಬೇರೇನನ್ನೂ ಬರೆಯಲು ನನಗೆ ಕೈ ಏಳುವುದಿಲ್ಲ. ನಯವಾದ ನೆನಪುಗಳು ಬೇಕಾದವರು ಬೇರೆ ಕಡೆ ನೋಡಿಕೊಳ್ಳಬಹುದು.

ಮೊದಲು ಈ ಆಪರೇಷನ್ ಏನೆಂದು ಹೇಳಿಬಿಡುತ್ತೇನೆ. ವಯಸ್ಸಾದಂತೆ ಮೇಲಿನ ರೆಪ್ಪೆಯ ಚರ್ಮ ಸಡಿಲಾಗಿ ಜೋತು ಬೀಳುತ್ತದೆ. ಕೆಳಗಿನ ರೆಪ್ಪೆಯಡಿ ಕೊಬ್ಬು ಉಬ್ಬಿ ಚೀಲದ ಹಾಗೆ ಕಾಣುತ್ತದೆ. ಹೆಚ್ಚಾದ ಚರ್ಮವನ್ನೂ ಉಬ್ಬಿದ ಕೊಬ್ಬನ್ನೂ ಒಂದಿಷ್ಟು ತೆಗೆದು, ರೆಪ್ಪೆ ಮಡಿಚುವ ಗೆರೆಯಲ್ಲೇ ಹೊಲಿಗೆ ಹಾಕುತ್ತೇವೆ. ಕೆಲವರಿಗೆ ಇದು ಚಂದಕ್ಕೆ. ಕೆಲವರಿಗೆ ಚರ್ಮ ಕಣ್ಣಿನ ಮುಂದೆಯೇ ಇಳಿಬಿದ್ದು ನೋಟಕ್ಕೆ ಅಡ್ಡವಾಗಿರುತ್ತದೆ. ಕೇಳಲು ಸಣ್ಣ ಕೆಲಸ. ಮನುಷ್ಯರ ಮೈಯಲ್ಲೇ ಅತಿ ತೆಳುವಾದ ಚರ್ಮ ಅಲ್ಲಿರುವುದು ಎನ್ನುವುದನ್ನು ಮರೆಯಬೇಡಿ. ಎಷ್ಟು ತೆಗೆಯಬೇಕು ಎನ್ನುವುದು ಯಾರಿಗಾದರೂ ಬೇಗ ಬರುತ್ತದೆ. ಎಷ್ಟು ಬಿಡಬೇಕು ಎನ್ನುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು.

ನಾನು ಮೊದಲು ಸೇರಿದ ಆಸ್ಪತ್ರೆಯ ಹಿರಿಯ ಡಾಕ್ಟರಿಗೆ ಈ ಆಪರೇಷನ್ ಎಂದರೆ ಆಗುತ್ತಿರಲಿಲ್ಲ. ಅದಕ್ಕೆ ಅವರು ಇಟ್ಟಿದ್ದ ಹೆಸರು 'ಶೋಕಿ'. ಬಬ್ಬೂರಿನ ಕಡೆಯಿಂದ ತಿಪ್ಪೇಸ್ವಾಮಿ ಎಂಬ ಕೂಲಿಯಾಳು ಬಂದಿದ್ದ. ಗಿಡಗಳಿಗೆ ಕಸಿ ಕಟ್ಟುವ ಕೆಲಸ. ರೆಪ್ಪೆಗಳು ಎಷ್ಟು ಇಳಿದಿದ್ದವೆಂದರೆ, ಎದುರಿನ ಮನುಷ್ಯನನ್ನು ನೋಡಲು ಗದ್ದ ಎತ್ತಿ ಆಕಾಶ ನೋಡುವವನ ಹಾಗೆ ನಿಲ್ಲಬೇಕಿತ್ತು. ಕೆಲಸದ ಹೊತ್ತಿನಲ್ಲಿ ರೆಪ್ಪೆಯನ್ನು ಮೇಲಕ್ಕೆಳೆದು ಹಣೆಗೆ ಪ್ಲಾಸ್ಟರ್ ಅಂಟಿಸಿಕೊಳ್ಳುತ್ತಿದ್ದ. ನಮ್ಮ ಹಿರಿಯರು ಅವನನ್ನು ನೋಡಿ, "ಯಾಕಪ್ಪ, ಸಿನಿಮಾದಲ್ಲಿ ಪಾರ್ಟು ಸಿಕ್ಕಿದೆಯಾ?" ಎಂದು ನಕ್ಕರು. ಅವನು ಪಾಪ, ತಾನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಹಿರಿಯರು ರಜೆಯ ಮೇಲಿದ್ದಾಗ ನಾನು ಅವನ ಎರಡೂ ಕಣ್ಣಿಗೆ ಆಪರೇಷನ್ ಮಾಡಿದೆ. ಬಂದ ಮೇಲೆ ಅವರು ನನ್ನನ್ನು ಬೈದದ್ದು ವಾರ್ಡಿನ ಕೊನೆಯ ಮಂಚದವರೆಗೂ ಕೇಳಿಸಿತು. ತಿಪ್ಪೇಸ್ವಾಮಿ ಗದ್ದ ಇಳಿಸಿಕೊಂಡೇ ಊರಿಗೆ ಹೋದ.

ಆಮೇಲೆ ಸ್ವಂತ ಕ್ಲಿನಿಕ್ ಇಟ್ಟೆ. ಬರಿಯ ಚಂದಕ್ಕೆಂದು ಬರುವವರೂ ಬರತೊಡಗಿದರು, ಅವರಲ್ಲಿ ಹೆಂಗಸರೇ ಹೆಚ್ಚು. ಅವರನ್ನು ನೋಡಿ ನಗುವ ಡಾಕ್ಟರುಗಳನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು. ತಾವು ತಲೆಗೆ ಕಪ್ಪು ಬಣ್ಣ ಬಳಿದುಕೊಂಡು ಬಂದಿರುತ್ತಾರೆ, ಐವತ್ತು ದಾಟಿದ ಹೆಂಗಸು ಕನ್ನಡಿ ನೋಡಿಕೊಂಡರೆ ಇವರಿಗೆ ನಗು. ಚಂದ ಬೇಕು ಅನ್ನುವುದು ತಪ್ಪಲ್ಲ. ಬಂದವರಿಗೆ ಆಗುವುದನ್ನೂ ಆಗದಿರುವುದನ್ನೂ ಬಿಡಿಸಿ ಹೇಳದಿರುವುದು ತಪ್ಪು.

ಹೇಳುವುದನ್ನು ನನಗೆ ಕಲಿಸಿದವರು ದುರ್ಗದ ಬಳೆ ವ್ಯಾಪಾರಿ ಖಾದರ್ ಸಾಬರು. ಆಪರೇಷನ್ ಆದ ಮೇಲೆ ತೋರಿಸಿಕೊಳ್ಳಲು ಬಂದಾಗ ನೋಡಿದರೆ, ಹೊಲಿಗೆಯ ಉದ್ದಕ್ಕೂ ಕಪ್ಪು ಪುಡಿ ಮೆತ್ತಿಕೊಂಡಿದೆ. "ಕಣ್ಣಿಗೆ ಯಾವ ಔಷಧಿಯನ್ನೂ ಹಾಕಬೇಡಿ ಅಂದಿದ್ದೆನಲ್ಲ ಸಾಬರೆ" ಎಂದೆ. "ಔಷಧಿ ಎಲ್ಲಿ ಹಾಕಿದೀನಿ ಡಾಕ್ಟ್ರೆ? ಇದು ಸುರ್ಮಾ. ನಮ್ಮ ತಂದೆ ಕಾಲದಿಂದ ಜುಮ್ಮಾ ದಿನ ಹಾಕ್ಕಂಡೇ ನಮಾಜಿಗೆ ಹೋಗೋದು" ಎಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅಂದಿನಿಂದ ನಾನು ಆಪರೇಷನ್ನಿನ ದಿನ ಗೊತ್ತಾದ ಕೂಡಲೇ ಮನೆಯವರನ್ನು ಕೂರಿಸಿಕೊಂಡು, ಆಸ್ಪತ್ರೆಯಿಂದ ಬಂದವರಿಗೆ ನಿಮ್ಮ ಮನೆಯಲ್ಲಿ ಏನೇನು ಮಾಡುತ್ತೀರಿ ಎಂದು ಕೇಳತೊಡಗಿದೆ. ಸುರ್ಮಾ, ಕಾಡಿಗೆ, ಹರಳೆಣ್ಣೆ, ಲೋಬಾನದ ಹೊಗೆ, ನೆತ್ತಿಗೆ ಎಣ್ಣೆ, ಮೆಣಸಿನಕಾಯಿಯ ದೃಷ್ಟಿ, ಎಲ್ಲ ಅವರ ಬಾಯಿಂದಲೇ ಬರುತ್ತಿತ್ತು. ಒಂದೊಂದಕ್ಕೂ ಬೇಕು ಬೇಡ ಹೇಳಿ ಕಳಿಸುತ್ತಿದ್ದೆ. ಯಾವ ವೈದ್ಯಕೀಯ ಪುಸ್ತಕದಲ್ಲೂ ಇದನ್ನು ಬರೆದಿಲ್ಲ, ಬರೆಯುವುದೂ ಇಲ್ಲ.

ದಾಕ್ಷಾಯಣಿ ಬಂದದ್ದು ನನ್ನ ಕೊನೆಯ ವರ್ಷಗಳಲ್ಲಿ. ಹೊಳಲ್ಕೆರೆಯ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಜೊತೆಗೆ ಗಂಡ ಮಹೇಶಪ್ಪ, ಹಾರ್ಡ್‌ವೇರ್ ಅಂಗಡಿಯವರು, ಮತ್ತು ಅವರ ತಾಯಿ ನೀಲಮ್ಮ. ದಾಕ್ಷಾಯಣಿಯ ಮೇಲಿನ ರೆಪ್ಪೆಗಳು ಜೋತಿದ್ದವು, ಕೆಳಗೆ ಚೀಲ. ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗರು "ಮೇಡಂಗೆ ನಿದ್ದೆ ಬಂದೈತೆ" ಎಂದು ಗುಸುಗುಸು ಮಾಡುತ್ತಾರೆಂದು ಹೇಳಿ ಆಕೆ ತಲೆ ತಗ್ಗಿಸಿದರು. ಮಹೇಶಪ್ಪ ಮುಜುಗರದಿಂದ ಕಿಟಕಿ ಕಡೆ ನೋಡುತ್ತಿದ್ದರು. ಮಾತಾಡಿದ್ದು ನೀಲಮ್ಮ.

"ಹರೇದಾಗ ಇವಳ ಕಣ್ಣು ನೋಡಬೇಕಿತ್ತು ಡಾಕ್ಟ್ರಮ್ಮ. ಹೆಣ್ಣು ನೋಡಕ್ಕೆ ಹೋದಾಗ ನಾನು ಕಣ್ಣು ನೋಡೇ ಒಪ್ಪಿದ್ದು. ನಮ್ಮ ಮನೇಲಿ ದುಡಿದು ದುಡಿದು ಹಿಂಗಾಗೈತೆ. ಸರಿಯಾದ್ರೆ ಆಗಲಿ ಬಿಡ್ರಿ, ಅವಳು ಯಾರ ಮನೆ ಗಂಟು ಕೇಳಿದ್ಲು?"

ಸೊಸೆಯ ಚಂದಕ್ಕೆ ಹೀಗೆ ವಕಾಲತ್ತು ವಹಿಸಿದ ಅತ್ತೆಯನ್ನು ನಾನು ನನ್ನ ಕೆಲಸದ ಕಾಲದಲ್ಲಿ ಇನ್ನೊಬ್ಬರನ್ನು ಕಂಡಿಲ್ಲ. ನಾನು ಎಲ್ಲರಿಗೂ ಹಳೆಯ ಫೋಟೊ ತರಲು ಹೇಳುತ್ತಿದ್ದೆ, ಮೊದಲು ರೆಪ್ಪೆ ಹೇಗಿತ್ತೆಂದು ತಿಳಿಯಲು. ಈ ಅತ್ತೆ ಮದುವೆಯ ಫೋಟೊವನ್ನು ಚೌಕಟ್ಟಿನ ಸಮೇತ ಗೋಡೆಯಿಂದ ಇಳಿಸಿ, ಸೀರೆಯಲ್ಲಿ ಸುತ್ತಿ ತಂದಿದ್ದರು. ಅವರು ಹೇಳಿದ್ದು ನಿಜ, ಕಣ್ಣುಗಳು ಬಹಳ ಚೆನ್ನಾಗಿದ್ದವು.

ನಾನು ದಾಕ್ಷಾಯಣಿಗೆ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಹೊಸಬರು ಇದನ್ನು ಕಿವಿಯಿಟ್ಟು ಕೇಳಿ. ಆಪರೇಷನ್ ಹೊತ್ತಿನಲ್ಲಿ ನೋವು ಗೊತ್ತಾಗುವುದಿಲ್ಲ, ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ಚುರುಕ್ ಎನ್ನುತ್ತದೆ. ಮಾರನೆಯ ದಿನ, ಅದರ ಮಾರನೆಯ ದಿನ ಮುಖ ಊದಿಕೊಂಡು ನಿಮಗೇ ಗುರುತು ಸಿಗುವುದಿಲ್ಲ. ಕಣ್ಣಿನ ಸುತ್ತ ನೇರಳೆ ಬಣ್ಣ ಬಂದು, ಹಸಿರಾಗಿ, ಹಳದಿಯಾಗಿ ಹೋಗುವ ಹೊತ್ತಿಗೆ ಎರಡು ವಾರ ಆಗಬಹುದು, ಮೂರೂ ಆಗಬಹುದು. ಹೊಲಿಗೆ ತೆಗೆಯುವುದು ವಾರದ ಹೊತ್ತಿಗೆ. ಕಣ್ಣು ಉರಿಯುತ್ತದೆ, ನೀರು ಸುರಿಯುತ್ತದೆ, ಮೊದಮೊದಲು ಪೂರ್ತಿ ಮುಚ್ಚುವುದಿಲ್ಲ. ತಲೆಯನ್ನು ಎತ್ತರದಲ್ಲಿಟ್ಟು ಮಲಗಬೇಕು, ತಣ್ಣೀರ ಬಟ್ಟೆ ಇಡಬೇಕು, ಬಗ್ಗಬಾರದು, ಬಿಂದಿಗೆ ಎತ್ತಬಾರದು, ತಿಣುಕಬಾರದು. ಗಾಯದ ಗೆರೆ ತಿಂಗಳುಗಟ್ಟಲೆ ಕೆಂಪಗೆ ಇರಬಹುದು. ಎರಡು ಕಣ್ಣೂ ಅಚ್ಚಿನಲ್ಲಿ ತೆಗೆದ ಹಾಗೆ ಒಂದೇ ಸಮ ಬರುವುದಿಲ್ಲ, ದೇವರು ಕೊಟ್ಟಾಗಲೂ ಇರಲಿಲ್ಲ. ಮೂವತ್ತರ ಮುಖ ಬರುವುದಿಲ್ಲ, ಚೆನ್ನಾಗಿ ನಿದ್ದೆ ಮಾಡಿ ಎದ್ದ ಐವತ್ತರ ಮುಖ ಬರುತ್ತದೆ. ಅಪರೂಪಕ್ಕೆ ಒಳಗೆ ರಕ್ತ ಕಟ್ಟಿಕೊಂಡು ದೃಷ್ಟಿಗೇ ಅಪಾಯ ಆಗುವುದುಂಟು. ಒಂದು ಕಣ್ಣು ಕಲ್ಲಿನ ಹಾಗೆ ಬಿಗಿದು, ತಡೆಯಲಾಗದ ನೋವು ಬಂದು, ಮಂಜಾದರೆ ಇರುವ ಕೆಲಸ ಬಿಟ್ಟು ಓಡಿ ಬರಬೇಕು.

ಕೊನೆಗೆ ಯಾವ ಯಾವ ಮಾತ್ರೆ ತಿನ್ನುತ್ತೀರಿ ಎಂದು ಕೇಳಿದೆ. ಮಂಡಿನೋವಿಗೆ ದಿನಾ ನೋವಿನ ಮಾತ್ರೆ ನುಂಗುತ್ತಿದ್ದರು. ಅಂಥ ಮಾತ್ರೆಯಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಆಪರೇಷನ್ನಿಗೆ ಮೊದಲು ಅದನ್ನು ನಿಲ್ಲಿಸಿ ಕೆಲವು ದಿನ ಕಾಯಬೇಕು ಎಂದೆ.

ಮಹೇಶಪ್ಪ ಆಗ ಬಾಯಿಬಿಟ್ಟರು. "ಮೇಡಂ, ಮಗಳ ನಿಶ್ಚಿತಾರ್ಥ ಹತ್ರ ಐತೆ. ಹೊಸದುರ್ಗದೋರು ಬೀಗರು, ದೊಡ್ಡ ಮಂದಿ. ಅಷ್ಟರೊಳಗೆ ಆದ್ರೆ ಮಾಡ್ಸಾಣ ಅಂತ ಬಂದ್ವಿ."

"ಅಷ್ಟರೊಳಗೆ ಆಗುವುದಿಲ್ಲ. ನಿಶ್ಚಿತಾರ್ಥ ಮುಗಿಸಿಕೊಂಡು ಬನ್ನಿ" ಎಂದೆ.

ಮೂವರೂ ಎದ್ದು ಹೋದರು. ಆಪರೇಷನ್ನಿನ ದಿನ ನಿಗದಿಯಾಗಲೇ ಇಲ್ಲ, ಆದ್ದರಿಂದ ಮನೆಯವರನ್ನು ಕೂರಿಸಿ ಕೇಳುವ ನನ್ನ ಆ ಪದ್ಧತಿಯ ತನಕ ಮಾತೂ ಹೋಗಲಿಲ್ಲ.

ದೂರದ ದೊಡ್ಡ ಊರೊಂದರ ಕ್ಲಿನಿಕ್ಕಿನ ಜಾಹೀರಾತು ದಾಕ್ಷಾಯಣಿಯ ಫೋನಿನಲ್ಲಿ ದಿನಾ ಬಂದು ಕೂರುತ್ತಿತ್ತಂತೆ. ಕೂದಲು, ಚರ್ಮ, ಹಲ್ಲು, ರೆಪ್ಪೆ, ಎಲ್ಲ ಒಂದೇ ಸೂರಿನಡಿ. ಬೆಳಿಗ್ಗೆ ಬನ್ನಿ, ಸಂಜೆ ಮನೆಗೆ ಹೋಗಿ, ನೋವಿಲ್ಲ, ಕಲೆಯಿಲ್ಲ, ನಾಲ್ಕು ದಿನಕ್ಕೆ ಮದುವೆ ಮನೆಗೆ ಹೊರಡಿ. ನಾನು ಅರ್ಧ ಗಂಟೆ ಕೂತು ಹೆದರಿಸಿದವಳು, ಅವರು ಎರಡು ನಿಮಿಷದಲ್ಲಿ ಧೈರ್ಯ ಕೊಟ್ಟವರು. ಯಾರಾದರೂ ಎಲ್ಲಿಗೆ ಹೋಗುತ್ತಾರೆ? ನಾನು ದಾಕ್ಷಾಯಣಿಯನ್ನು ಬೈಯುವುದಿಲ್ಲ. ಬಾಯಿ ತುಂಬ ಸುಳ್ಳು ಹೇಳಿ ಅದಕ್ಕೆ ಬಿಳಿ ಕೋಟು ತೊಡಿಸಿದವರನ್ನು ಬೈಯುತ್ತೇನೆ.

ಅವರು ಬೆಳಿಗ್ಗೆ ಆಪರೇಷನ್ ಮುಗಿಸಿ, ಕಾಫಿ ಕುಡಿಸಿ, ಒಂದು ಗಂಟೆಯೊಳಗೆ ಕಾರು ಹತ್ತಿಸಿದರು. ಕೈಗೆ ಒಂದು ಇಂಗ್ಲಿಷ್ ಹಾಳೆ ಕೊಟ್ಟರು. ಮಂಡಿನೋವಿನ ಮಾತ್ರೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ನಾನು ನಿಲ್ಲಿಸಬೇಕೆಂದು ಹೇಳಿದ್ದನ್ನು ದಾಕ್ಷಾಯಣಿ ತಾವಾಗಿಯೇ ಹೇಳಿದರೆ, "ಅವೆಲ್ಲ ಹಳೇ ಕಾಲದ ಪದ್ಧತಿ, ನಮ್ಮದು ಲೇಸರ್" ಎಂದರಂತೆ. ಆ ದಿನ ಬೆಳಿಗ್ಗೆಯೂ ಆಕೆ ಮಾತ್ರೆ ನುಂಗಿಯೇ ಹೋಗಿದ್ದರು.

ಕಾರು ಹೊಳಲ್ಕೆರೆಯ ಮನೆ ಮುಂದೆ ನಿಂತಾಗ ಇಳಿಬಿಸಿಲು. ಆಸ್ಪತ್ರೆಯಿಂದ ಬಂದವರನ್ನು ನಮ್ಮ ಕಡೆ ಹಾಗೇ ಒಳಗೆ ಕರೆದುಕೊಳ್ಳುವುದಿಲ್ಲ. ನೀಲಮ್ಮ ಸೊಸೆಯನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ನೆತ್ತಿಯಿಂದ ಪಾದದ ತನಕ ಇಳಿತೆಗೆದು, ಕೆಂಡಕ್ಕೆ ಹಾಕಿದರು. ಘಾಟು ಮನೆಯೆಲ್ಲ ತುಂಬಿತು. ಎಲ್ಲರೂ ಕೆಮ್ಮಿದರು. ದಾಕ್ಷಾಯಣಿ ಹೊಟ್ಟೆ ಹಿಡಿದುಕೊಂಡು ಕೆಮ್ಮಿದರು, ಸೀನಿದರು. ಸ್ವಲ್ಪ ಹೊತ್ತಿಗೆ ಬಲಗಣ್ಣು ಬಿಗಿಯತೊಡಗಿತು.

ಮಹೇಶಪ್ಪ ಕ್ಲಿನಿಕ್ಕಿಗೆ ಫೋನು ಮಾಡಿದರು. "ಊತ ಕಾಮನ್ ಸರ್, ಐಸ್ ಇಡಿ" ಎಂದು ಒಬ್ಬ ಹುಡುಗಿ ಹೇಳಿದಳಂತೆ. ಕಣ್ಣಿನ ಫೋಟೊ ಕಳಿಸಿ ಮತ್ತೆ ಮಾಡಿದರು, ಅದೇ ಮಾತು. ಮೂರನೆಯ ಸಲ ಯಾರೂ ಎತ್ತಲಿಲ್ಲ. ಆಗ ನನ್ನ ಮಾತು ನೆನಪಿಸಿಕೊಂಡವರು ನೀಲಮ್ಮ. "ಕಲ್ಲಂಗೆ ಬಿಗಿದ್ರೆ ಓಡಿ ಬರ್ರಿ ಅಂದಿದ್ರಲ್ಲೋ ದುರ್ಗದ ಡಾಕ್ಟ್ರಮ್ಮ. ಗಾಡಿ ತೆಗಿ" ಎಂದು ಮಗನನ್ನು ಎಬ್ಬಿಸಿದವರು ಅವರೇ. ಈ ಮಾತನ್ನು ಊರಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕ್ಲಿನಿಕ್ ಮುಚ್ಚುವ ಹೊತ್ತಿಗೆ ಕಾರು ಬಂತು. ಬಲಗಣ್ಣು ಮುಂದಕ್ಕೆ ತಳ್ಳಿಕೊಂಡಿತ್ತು, ಒತ್ತಿದರೆ ಬೆರಳು ಒಳಗೆ ಹೋಗುತ್ತಿರಲಿಲ್ಲ. ಎಡಗಣ್ಣು ಮುಚ್ಚಿ, ಬೆರಳು ತೋರಿಸಿ ಎಷ್ಟು ಎಂದು ಕೇಳಿದೆ.

"ಬೆಳಕು ಐತೆ ಮೇಡಂ. ಬೆರಳು ಕಾಣ್ತಿಲ್ಲ."

ಮಾತ್ರೆಯಿಂದ ಹೆಪ್ಪುಗಟ್ಟದೆ ಉಳಿದ ಗಾಯ ಕೆಮ್ಮಿನ ರಭಸಕ್ಕೆ ಒಡೆದು, ಕಣ್ಣಿನ ಹಿಂದೆ ರಕ್ತ ತುಂಬಿ ನರವನ್ನು ಅಮುಕುತ್ತಿತ್ತು. ಅಂಥ ಹೊತ್ತಿನಲ್ಲಿ ಸ್ಕ್ಯಾನಿಗೆ ಬರೆದುಕೊಟ್ಟು ಕೂತರೆ ಸ್ಕ್ಯಾನು ಸಿಗುತ್ತದೆ, ಕಣ್ಣು ಸಿಗುವುದಿಲ್ಲ. ಅಲ್ಲೇ ಮಲಗಿಸಿ ಹೊಲಿಗೆಗಳನ್ನು ಕತ್ತರಿಸಿದೆ, ಕಣ್ಣಿನ ಹೊರಮೂಲೆಯನ್ನು ಕೊಯ್ದು ಸಡಿಲ ಮಾಡಿದೆ. ಕಪ್ಪು ರಕ್ತ ಇಳಿಯಿತು. ಒತ್ತಡ ಇಳಿಸುವ ಔಷಧಿ ಕೊಟ್ಟೆ. ಮಹೇಶಪ್ಪ ಹೊರಗೆ ಬೆಂಚಿನ ಮೇಲೆ ಕೂತು ಅಳುತ್ತಿದ್ದರು. ನೀಲಮ್ಮ ಬಾಗಿಲ ಹತ್ತಿರ ನಿಂತೇ ಇದ್ದರು, ಕೂರಿ ಎಂದರೂ ಕೂರಲಿಲ್ಲ.

ಬಹಳ ಹೊತ್ತಿನ ಮೇಲೆ ದಾಕ್ಷಾಯಣಿ, "ಬೆರಳು ಕಾಣ್ತಾವೆ ಮೇಡಂ, ಮೂರು" ಎಂದರು. ನಾನು ತೋರಿಸಿದ್ದು ಮೂರೇ. ಸ್ಟೂಲು ಎಳೆದುಕೊಂಡು ಕೂತೆ.

ದೃಷ್ಟಿ ಪೂರ್ತಿ ವಾಪಸು ಬಂತು. ರೆಪ್ಪೆಯ ಮೇಲೆ ಒರಟು ಗಾಯದ ಗುರುತು ಉಳಿಯಿತು. ನಿಶ್ಚಿತಾರ್ಥ ಮುಂದಕ್ಕೆ ಹೋಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮಾರನೆಯ ದಿನ ಮಹೇಶಪ್ಪ ಕ್ಲಿನಿಕ್ಕಿನವರನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಾಗ, ನಡೆದದ್ದನ್ನೆಲ್ಲ ಹೇಳುವ ಭರದಲ್ಲಿ ಮೆಣಸಿನಕಾಯಿಯ ವಿಷಯವನ್ನೂ ಹೇಳಿಬಿಟ್ಟರು. ಅವರಿಗೆ ಬೇಕಾದದ್ದು ಅಷ್ಟೇ. "ನಿಮ್ಮ ಮೂಢನಂಬಿಕೆಗೆ ನಾವು ಹೊಣೆಯಲ್ಲ ಸರ್, ಅದಕ್ಕೇ ಹೀಗಾಗಿದ್ದು" ಎಂದು ಫೋನಿಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವರಿಗೆ ನೆಲದ ಬದಲು ಒಬ್ಬ ಮುದುಕಿ ಸಿಕ್ಕಿದರು.

ಕೆಲವು ತಿಂಗಳ ಮೇಲೆ ನಮ್ಮ ಡಾಕ್ಟರುಗಳ ಒಂದು ಸಭೆಗೆ ಆ ಕ್ಲಿನಿಕ್ಕಿನ ಯುವ ಡಾಕ್ಟರನ್ನೇ ಭಾಷಣಕ್ಕೆ ಕರೆದಿದ್ದರು. ಒಳ್ಳೆಯ ಸೂಟು, ಒಳ್ಳೆಯ ಮಾತು. ಪರದೆಯ ಮೇಲೆ ಒಂದು ಊದಿದ ಕಣ್ಣು ಬಂತು. ಆ ಫೋಟೊ ಮಹೇಶಪ್ಪ ಆ ಸಂಜೆ ಸಹಾಯ ಬೇಡಿ ಅವರಿಗೆ ಕಳಿಸಿದ್ದು. ಸಹಾಯ ಮಾಡಲಿಲ್ಲ, ಫೋಟೊ ಇಟ್ಟುಕೊಂಡರು. ಅದರ ಪಕ್ಕದಲ್ಲಿ ಒಣಮೆಣಸಿನಕಾಯಿಯ ಚಿತ್ರ. "ನಮ್ಮ ಪೇಷೆಂಟುಗಳಿಗೆ ಇಂಥ ಅತ್ತೆಯಂದಿರೂ ಇರ್ತಾರೆ" ಎಂದ. ಸಭೆ ಗೊಳ್ಳೆಂದು ನಕ್ಕಿತು.

ನಾನು ಎದ್ದು ನಿಂತೆ. "ಆಕೆ ಯಾವ ಮಾತ್ರೆ ತಿನ್ನುತ್ತಿದ್ದರು, ನೀವು ಕೇಳಿದಿರಾ? ಆಪರೇಷನ್ ಆದ ಎಷ್ಟು ಹೊತ್ತಿಗೆ ಕಳಿಸಿದಿರಿ? ಮನೆಯಲ್ಲಿ ಕೆಮ್ಮು ಬರುವಂಥ ಹೊಗೆ ಹಾಕಬೇಡಿ ಎಂದು ಅತ್ತೆಗೆ ಕನ್ನಡದಲ್ಲಿ ಯಾರು ಹೇಳಿದರು?" ಎಂದು ಕೇಳಿದೆ.

"ಮೇಡಂ, ಹಾಳೆಯಲ್ಲಿ ಎಲ್ಲ ಇರುತ್ತೆ. ಶ್ರಮ ಆಗಬಾರದು ಅಂತ ಕ್ಲಿಯರಾಗಿ ಇದೆ" ಎಂದ.

"ಅದು ಇಂಗ್ಲಿಷ್ ಹಾಳೆ. ನೀಲಮ್ಮನವರು ಓದಿದ್ದು ಕನ್ನಡದ ಎರಡನೇ ಕ್ಲಾಸು. ನೀವು ಹೇಳಿದ್ದರೆ ಅವರು ಕೇಳುತ್ತಿದ್ದರು. ನಾನು ಹೇಳಿದ್ದನ್ನು ಒಂದು ಸಲ ಕೇಳಿ ಅವರು ನೆನಪಿಟ್ಟುಕೊಂಡಿದ್ದಕ್ಕೇ ಆ ಕಣ್ಣು ಉಳಿದದ್ದು. ನೀವು ಫೋನು ಎತ್ತಿದ್ದಕ್ಕಲ್ಲ."

ಅಧ್ಯಕ್ಷರು ಗಡಿಯಾರ ನೋಡಿ, ಊಟ ಆರುತ್ತಿದೆ, ಉಳಿದದ್ದನ್ನು ಊಟ ಮಾಡುತ್ತಾ ಮಾತಾಡೋಣ ಎಂದರು. ಊಟದಲ್ಲಿ ಎಲ್ಲರೂ ಬೇರೆ ಮಾತು ತೆಗೆದರು. ಹಳೆಯ ಗೆಳೆಯರೊಬ್ಬರು ಹೋಳಿಗೆ ಬಡಿಸಿಕೊಳ್ಳುತ್ತಾ, "ಸಿಟ್ಟು ಮಾಡ್ಕೋಬೇಡಿ ಮೇಡಂ, ಚಿಕ್ಕ ಹುಡುಗ" ಎಂದರು. ನಾನು ಊಟ ಬಿಟ್ಟು ಮನೆಗೆ ಬಂದೆ.

ಆ ನಗು ಸಭೆಯಲ್ಲೇ ನಿಲ್ಲಲಿಲ್ಲ. ಹೊಸದುರ್ಗದ ಬೀಗರ ಮನೆಯ ಹುಡುಗನೊಬ್ಬ, ಔಷಧಿ ಕಂಪನಿಯ ಕೆಲಸದಲ್ಲಿದ್ದವನು, ಅಲ್ಲಿದ್ದನಂತೆ. ಅವನಿಂದ ಕಥೆ ಬೀಗರ ಮನೆಗೆ, ಅಲ್ಲಿಂದ ಶ್ರೀರಾಂಪುರದ ನೆಂಟರಿಗೆ, ಅಲ್ಲಿಂದ ಸುತ್ತಿ ಹೊಳಲ್ಕೆರೆಗೇ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ನಿಶ್ಚಿತಾರ್ಥ ಕೊನೆಗೂ ನಡೆದಾಗ ನೀಲಮ್ಮ ಸ್ವಂತ ಮೊಮ್ಮಗಳಿಗೆ ಆರತಿ ಎತ್ತಲು ಮುಂದೆ ಬಂದರೆ, ಬೀಗರ ಕಡೆಯ ಹೆಂಗಸೊಬ್ಬರು ತಟ್ಟೆ ಇಸಿದುಕೊಂಡು, "ನೀವು ಕುಂತ್ಕಳ್ರಿ ಅಜ್ಜಿ" ಎಂದರಂತೆ. ಇದನ್ನು ನನಗೆ ಹೇಳಿದವರು ದಾಕ್ಷಾಯಣಿ.

ಒಂದು ವರ್ಷ ಬಿಟ್ಟು, ಗಾಯ ಪೂರ್ತಿ ಮಾಗಿದ ಮೇಲೆ, ಆ ಬಲಗಣ್ಣಿನ ರೆಪ್ಪೆಯನ್ನು ನಾನೇ ಸರಿಪಡಿಸಿದೆ. ನಾನು ಮಾಡಿದ ಕೊನೆಯ ರೆಪ್ಪೆಯ ಆಪರೇಷನ್ ಅದೇ. ಮಾತ್ರೆ ನಿಲ್ಲಿಸಿದೆ, ಇಡೀ ದಿನ ಕ್ಲಿನಿಕ್ಕಿನಲ್ಲೇ ಇರಿಸಿಕೊಂಡೆ, ಗಂಟೆಗೊಮ್ಮೆ ಬೆರಳು ತೋರಿಸಿ ಕೇಳಿದೆ. ಕಳಿಸುವ ದಿನ ಮೂವರನ್ನೂ ಕೂರಿಸಿಕೊಂಡು ನೀಲಮ್ಮನವರಿಗೆ ಹೇಳಿದೆ:

"ಅಮ್ಮ, ತಪ್ಪು ನಿಮ್ಮದಲ್ಲ. ಮಾತ್ರೆ ನಿಲ್ಲಿಸದೆ ಕೊಯ್ದವರದ್ದು, ಕೊಯ್ದು ಕೂಡಲೇ ಕಳಿಸಿದವರದ್ದು, ಹೇಳಬೇಕಾದ್ದನ್ನು ಹೇಳದೆ ಇದ್ದವರದ್ದು. ಇವತ್ತು ಸೊಸೆಯನ್ನು ಕರೆದುಕೊಂಡು ಹೋದಾಗ ನೀವೇ ದೃಷ್ಟಿ ತೆಗೆಯಿರಿ. ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಬೇಡಿ, ಇಳಿತೆಗೆದು ಮೂರು ದಾರಿ ಕೂಡುವಲ್ಲಿ ಎಸೆದು ಬನ್ನಿ. ಏನೂ ಆಗುವುದಿಲ್ಲ."

ಅವರು ತಲೆಯಾಡಿಸುತ್ತಾ ಕೇಳಿದರು. ನಾನು ಹೇಳಿದ್ದು ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಹೊರಟೆ. ಅವರೇ ತಡೆದರು.

"ತಿಳೀತು ತಾಯಿ. ನೀವು ದೊಡ್ಡ ಮನಸ್ಸಿಂದ ಹೇಳ್ತೀರಿ. ಹಾಕಿದ್ದು ಈ ಕೈ ಅಲ್ವ, ಅದಕ್ಕೆ ಯಾರು ಹೇಳೋರು?"

ದಾಕ್ಷಾಯಣಿ, ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡಿದ್ದವರು, ಅತ್ತೆಯ ಮೊಣಕೈ ಹಿಡಿದರು. "ನೀವು ದೃಷ್ಟಿ ತೆಗೀದಿದ್ರೆ ನಾನು ಒಳಗೆ ಹೆಂಗೆ ಬರಲಿ ಅತ್ತೆ? ಹೊಸ್ತಿಲಲ್ಲೇ ನಿಂತಿರ್ತೀನಿ ನೋಡ್ರಿ."

ನೀಲಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಪಕ್ಕದ ಮನೆ ಗಿರಿಜಮ್ಮಂಗೆ ಹೇಳಿ ಬಂದೀನಿ ಕಣವ್ವ, ಅವಳು ತೆಗೀತಾಳೆ" ಎಂದರು. "ನೀನು ಒಳಗೆ ಬಂದಮ್ಯಾಲೆ ಹೇಳಿ ಕಳ್ಸು, ಅಲ್ಲೀ ತಂಕ ನಾನು ಗುಡಿ ಕಟ್ಟೆ ಮ್ಯಾಲೆ ಕುಂತಿರ್ತೀನಿ."